ಬಂಡೆ ಹಿಂದಿನ ಮಡು

ಎಂಬತ್ತೆರಡನೆಯ ಇಸವಿಯ ಬೇಸಿಗೆಯಲ್ಲಿ ನನಗೊಬ್ಬಳಿಗೇ ಗೊತ್ತಿದ್ದ ಅಳುಕೊಂದಿತ್ತು. ನಮ್ಮೂರ ಹೊಳೆಗೆ ವಿಷ ಎಲ್ಲಿಂದ ಸೇರುತ್ತಿದೆ ಎಂಬುದು ಕದಿರೇಶರಿಗೆ ಎಲ್ಲಿ ಗೊತ್ತಾಗಿಬಿಡುತ್ತದೋ ಎಂದು. ಗೊತ್ತಾದರೆ ಅವರ ಕೆಲಸ ಮುಗಿಯುತ್ತಿತ್ತು. ಆಮೇಲೆ ಹದಿನೈದು ದಿನಕ್ಕೊಮ್ಮೆ ಕ್ಯಾಲನೂರಿನಲ್ಲಿ ಬಸ್ಸಿಳಿದು, ಸೀಸೆಗಳ ಚೀಲ ಹೆಗಲಿಗೇರಿಸಿಕೊಂಡು ನಮ್ಮೂರಿಗೆ ನಡೆದು ಬರಲು ಅವರಿಗೆ ಕಾರಣವೇ ಇರುತ್ತಿರಲಿಲ್ಲ.

ಕದಿರೇಶ ಯಲ್ದೂರಿನವರು. ಬೆಂಗಳೂರಿನ ಒಂದು ಕಾಲೇಜಿನಲ್ಲಿ ಸಂಶೋಧನೆ ಮಾಡುತ್ತಿದ್ದರು. ಹೊಳೆಯ ನೀರನ್ನು ಸೀಸೆಗೆ ತುಂಬಿ, ತಳದ ಕೆಸರನ್ನು ಬಗೆದು, ಸಿಕ್ಕ ಮೀನನ್ನು ಮಂಜುಗಡ್ಡೆಯ ಡಬ್ಬಿಯಲ್ಲಿಟ್ಟು ಒಯ್ಯುತ್ತಿದ್ದರು. ನೀರಿನಲ್ಲಿ ಅಷ್ಟಿಲ್ಲ, ಕೆಸರಿನಲ್ಲೂ ಮೀನಿನಲ್ಲೂ ಟೊಮ್ಯಾಟೊಗೆ ಹೊಡೆಯುವ ಔಷಧಿ ಸಿಗುತ್ತಿದೆ ಎಂದು ಒಮ್ಮೆ ಹೇಳಿದ್ದರು.

"ನೀರು ಹರ್ಕೊಂಡು ಹೋಗ್ಬಿಡ್ತದೆ. ಕೆಸರು ಎಲ್ಲಿಗೆ ಹೋಗ್ತದೆ ಹೇಳಿ, ಅಶ್ವತ್ಥಮ್ಮನವರೇ?"

ಅಶ್ವತ್ಥಮ್ಮನವರೇ! ಮನೆಯಲ್ಲಿ ನಾನು ಬರೀ 'ಲೇ'. ಕೋಲಾರದಲ್ಲಿ ಬಿ.ಎಸ್ಸಿ. ಮುಗಿಸುವ ತನಕ ಹಾಜರಿ ಪುಸ್ತಕದ ಒಂದು ಸಾಲು. ನನ್ನ ಹೆಸರು ಅಷ್ಟು ಉದ್ದ ಇದೆಯೆಂದು ಅವರ ಬಾಯಲ್ಲಿ ಕೇಳಿದ ಮೇಲೆಯೇ ತಿಳಿದದ್ದು. ಅವರು ಬಾರದ ಹದಿನಾಲ್ಕು ದಿನವೂ ಸೊಪ್ಪು ಕೊಯ್ಯುವಾಗ, ನೀರು ಸೇದುವಾಗ ಅವರದೇ ದನಿಯಲ್ಲಿ ನನ್ನನ್ನು ನಾನು ಮನಸ್ಸಿನೊಳಗೇ ಕರೆದುಕೊಳ್ಳುತ್ತಿದ್ದೆ.

ಓದಿದವಳೆಂದು ಅವರು ನನ್ನ ಕೈಗೊಂದು ನೋಟ್‌ಬುಕ್ ಕೊಟ್ಟಿದ್ದರು. ಯಾರು ಯಾವತ್ತು ಔಷಧಿ ಹೊಡೆದರು, ಪಂಪು ಎಲ್ಲಿ ತೊಳೆದರು ಎಂದು ಮನೆಮನೆಗೆ ಹೋಗಿ ಕೇಳಿ ಬರೆಯಬೇಕು. ನಮ್ಮ ಮನೆಯ ಸಾಲಿನಲ್ಲಿ 'ತೋಟದಲ್ಲೇ' ಎಂದು ಬರೆದಿದ್ದೆ.

ಅದು ಸುಳ್ಳು. ನಾವೂ ಟೊಮ್ಯಾಟೊ ಬೆಳೆಯುತ್ತಿದ್ದೆವು, ಆದರೆ ನಮ್ಮಪ್ಪ ವೆಂಕಟರಾಯಪ್ಪ ತೋಟದಲ್ಲಿ ಪಂಪು ತೊಳೆಯಲು ಬಿಡುವವರೇ ಅಲ್ಲ. ಬಾವಿಯ ನೀರು ಹಿಪ್ಪುನೇರಳೆಗೆ ಹೋಗುತ್ತದೆ, ಆ ಸೊಪ್ಪು ರೇಷ್ಮೆ ಹುಳುವಿನ ತಟ್ಟೆಗೆ ಬರುತ್ತದೆ. ಔಷಧಿ ಸೋಕಿದ ಸೊಪ್ಪು ತಿಂದರೆ ಗೂಡು ಕಟ್ಟಲು ಬಂದ ಹುಳುವೂ ಕಕ್ಕಿಕೊಂಡು ಬೀಳುತ್ತದೆ. ಬೀಡಿ ಸೇದಿದ ಕೈಯಲ್ಲಿ ಬಂದವರನ್ನೂ ಅಪ್ಪ ಹುಳುಮನೆಯ ಬಾಗಿಲಲ್ಲೇ ನಿಲ್ಲಿಸುತ್ತಿದ್ದರು. ಹುಳುವೆಂದರೆ ಅಷ್ಟು ಜೋಪಾನ. ಅದಕ್ಕೇ ಪಂಪು, ಡಬ್ಬ, ಹೊಡೆಯುವಾಗ ಉಟ್ಟ ಪಂಚೆ ಎಲ್ಲವೂ ತೋಟದ ಕೊನೆಗೆ, ಬಂಡೆ ಹಿಂದಿನ ಮಡುವಿಗೆ. ಹುಣಸೆಹಣ್ಣು ಹಾಕಿ ಡಬ್ಬ ಉಜ್ಜುತ್ತಿದ್ದವಳು ನಾನು. ಆ ಮಡುವಿಗೆ ನಮ್ಮ ತೋಟದೊಳಗಿನಿಂದ ಬಿಟ್ಟರೆ ದಾರಿಯಿಲ್ಲ, ಉಳಿದ ಮೂರು ಕಡೆ ಆಳೆತ್ತರದ ಜೊಂಡು. ಕದಿರೇಶ ಸೇತುವೆ ಹತ್ತಿರ, ಅಗಸರ ಕಲ್ಲಿನ ಹತ್ತಿರ ಹುಡುಕುತ್ತಲೇ ಇದ್ದರು.

ಆ ಗುರುವಾರ ಜಗಲಿಯ ಮೇಲೆ ಕೂತು ಸೀಸೆಗಳಿಗೆ ಚೀಟಿ ಅಂಟಿಸುತ್ತಾ, "ಮೂಲಾನೇ ಸಿಕ್ತಾ ಇಲ್ಲ. ಇನ್ನೂ ಆರು ತಿಂಗಳು ಬರ್ಬೇಕಾಗ್ತದೋ ಏನೋ," ಎಂದರು.

ಆರು ತಿಂಗಳು! ಕಾಫಿ ಲೋಟ ಹಿಡಿದು ಬಾಗಿಲಲ್ಲೇ ನಿಂತುಬಿಟ್ಟೆ.

ಬೆನ್ನ ಹಿಂದೆ ಅಮ್ಮನ ಪಿಸುದನಿ. "ಕೊಡೇ, ಕಾಫಿ ಆರಿ ಮಜ್ಜಿಗೆ ಆಗ್ತದೆ. ಯಲ್ದೂರಲ್ಲಿ ಅವ್ರಿಗೆ ಮಾವಿನ ತೋಪು ಎಷ್ಟೆಕ್ರೆ ಅಂತ ಕೇಳೋಕೂ ಬಾಯಿಲ್ಲ ನಿಂಗೆ."

ಅಷ್ಟರಲ್ಲಿ ಹೊಳೆಯಲ್ಲಿ ಮೀನು ಹಿಡಿಯುವ ದೊಡ್ಡಮುನಿಯಪ್ಪ ತಾತ ನಮ್ಮ ತೋಟದ ಕಡೆಯಿಂದಲೇ ಬಂದ. ಮೊಣಕಾಲ ತನಕ ಕೆಸರು. ಕೈಯಲ್ಲಿ ಜೊಂಡಿಗೆ ಪೋಣಿಸಿದ ಎರಡು ಕೊರಮೀನು.

"ಏಮಮ್ಮಾ ಗಂಗರತ್ನಾ, ಬಸುರಿ ಕೇಳಿದ್ದು ಇಲ್ಲ ಅನ್ಬಾರ್ದು. ತಗೋ. ಕೈಗೇ ಸಿಕ್ದವು, ಹೆಂಡ ಕುಡ್ದೋರಂಗೆ ಹೊಟ್ಟೆ ಮೇಲ್ಮಾಡ್ಕೊಂಡು ತೇಲ್ತಿದ್ವು."

ಗಂಗರತ್ನ ನನ್ನ ಅತ್ತಿಗೆ, ಅವಳಿಗೆ ಆಗ ಏಳು ತಿಂಗಳು. "ನಿನ್ ಹೊಟ್ಟೆ ತಣ್ಣಗಿರ್ಲಿ ತಾತಾ!" ಎಂದು ಎರಡೂ ಕೈ ಚಾಚಿದಳು.

"ಎಲ್ಲಿ ಹಿಡಿದ್ರಿ ತಾತಾ?" ಕದಿರೇಶ ತಟ್ಟನೆ ತಲೆಯೆತ್ತಿದರು.

ಕೇಳದೆ ತೋಟಕ್ಕೆ ನುಗ್ಗಿದ್ದ ತಾತ ನನ್ನ ಕಡೆ ಓರೆಯಾಗಿ ನೋಡಿದ. "ಅಲ್ಲೇ ಸ್ವಾಮೀ, ಕೆಳಗಡೆ," ಎಂದು ಇಡೀ ಹೊಳೆಗೇ ಒಂದು ಸುತ್ತು ಕೈಬೀಸಿ ಹೊರಟುಹೋದ.

ಅತ್ತಿಗೆಯ ಹಿಂದೆಯೇ ಹಿತ್ತಲಿಗೆ ಹೋದೆ. ಹೊಟ್ಟೆ ಮಡಿಲಿಗೆ ಒತ್ತುತ್ತದೆಂದು ಓರೆಯಾಗಿ ಕೂತು, ಮೀನಿಗೆ ಬೂದಿ ಹಚ್ಚುತ್ತಿದ್ದಳು.

"ಅತ್ತಿಗೇ, ಬೇಡ. ತಿನ್ಬೇಡಿ."

"ಯಾಕೇ?"

"ಸತ್ತಂಗಿವೆ."

"ಸಾಯ್ದೇ ಸಾರಿಗೆ ಬೀಳ್ತವಾ? ನೋಡಿ ಅತ್ತೇ, ನಿಮ್ಮ ಮಗಳು ಅಪರೂಪಕ್ಕೆ ಬಾಯಿ ಬಿಟ್ಟಿದ್ದು ನನ್ ಬಯಕೆಗೆ ಕಲ್ಲು ಹಾಕೋಕೆ!"

ಅಮ್ಮ ನಗುತ್ತಾ ಒರಳಿಗೆ ಮೆಣಸಿನಕಾಯಿ ಹಾಕಿದಳು. ಅತ್ತಿಗೆ ಬೂದಿಗೈಯ ಹಿಂಬದಿಯಿಂದ ಹೊಟ್ಟೆ ಮುಟ್ಟಿಕೊಂಡು, "ನೋಡು, ಒದೀತಾ ಇದೆ. ಇದಕ್ಕೂ ವಾಸ್ನೆ ಬಂತು," ಎಂದಳು.

ನನ್ನ ಮಾತನ್ನು ಇವರು ಕೇಳುವುದಿಲ್ಲ. ಕದಿರೇಶರ ಮಾತನ್ನು ಕೇಳುತ್ತಾರೆ. ಆದರೆ ಅವರಿಗೆ ಹೇಳಿದರೆ, ಒಂದು ಸೀಸೆ ನೀರು, ಒಂದು ಹಿಡಿ ಕೆಸರು, ಅಷ್ಟೇ. ಆಮೇಲೆ ಗುರುವಾರಗಳು ಬರುತ್ತವೆ, ಅವರು ಬರುವುದಿಲ್ಲ. ಪುಸ್ತಕದಲ್ಲಿ ಸುಳ್ಳು ಬರೆದವಳನ್ನು ಇನ್ನು ಯಾವ ಹೆಸರಿಂದ ಕರೆದಾರು?

ಜಗಲಿಗೆ ಬಂದಾಗ ಅವರು ಚೀಲ ಹೆಗಲಿಗೇರಿಸಿ ನಿಂತಿದ್ದರು. "ಬಸ್ಸಿಗೆ ಹೊತ್ತಾಯ್ತು. ಹದಿನೈದು ದಿನ ಬಿಟ್ಟು ಬರ್ತೀನಿ, ಅಶ್ವತ್ಥಮ್ಮನವರೇ."

ಹೂಂ ಎಂದರೆ ಸಾಕಿತ್ತು. ಇಷ್ಟು ದಿನ ನಾನು ಅಂದದ್ದೂ ಅಷ್ಟೇ.

"ಆ ಮೀನು ನಮ್ಮ ಬಂಡೆ ಹಿಂದಿನ ಮಡುವಿಂದು," ಎಂದೆ. ದನಿ ಹಿತ್ತಲಿಗೂ ಕೇಳಿಸಿರಬೇಕು, ರುಬ್ಬುವ ಸದ್ದು ನಿಂತಿತು. "ಔಷಧಿ ಡಬ್ಬಾನ ನಾನು ತೊಳೆಯೋದು ಅಲ್ಲೇ."