ಮುದ್ದೆ ಮಾಡಿಟ್ಟ ಅಂಗಿ

ಬೆಳಿಗ್ಗೆ ಮನೆ ಗುಡಿಸುವಾಗ ಶ್ರೀವಿದ್ಯಾಳ ಕೈ ತಾಗಿ ಅಗಸೆ ಎಣ್ಣೆಯ ಬಾಟಲಿ ಉರುಳಿತು. ತೀರಿಹೋದ ಗಂಡ ಉಪೇಂದ್ರ ಚಿತ್ರ ಬರೆಯಲು ಇಟ್ಟುಕೊಂಡಿದ್ದ ಎಣ್ಣೆ. ಆತುರದಲ್ಲಿ ಅವನದೇ ಹಳೆಯ ಅಂಗಿಯಿಂದ ನೆಲ ಒರೆಸಿಬಿಟ್ಟಳು. ಅತ್ತೆ ನೋಡಿದರೆ ನೊಂದುಕೊಂಡಾರೆಂದು ಅದನ್ನು ಮುದ್ದೆ ಮಾಡಿ, ನಡುಮನೆಯಲ್ಲಿದ್ದ ಹಳೇ ಪೇಪರ್ ಮೂಟೆಯೊಳಗೆ ತುರುಕಿದಳು. ಅತ್ತೆ ಮಧ್ಯಾಹ್ನ ಮಲಗುವುದು ಆ ಮೂಟೆಯ ಪಕ್ಕದಲ್ಲೇ.

ಮಧ್ಯಾಹ್ನ ಅಣ್ಣಾ ನಗರದ ಚಿತ್ರಕಲಾ ತರಗತಿಯಲ್ಲಿ ಮುರಳೀಧರ ಮೇಷ್ಟ್ರು ಹೊಸಬರಿಗೆ ಬುದ್ಧಿ ಹೇಳುತ್ತಿದ್ದರು.

"ಅಗಸೆ ಎಣ್ಣೆ ಒರೆಸಿದ ಬಟ್ಟೇನ ಮುದ್ದೆ ಮಾಡಿ ಇಡಬೇಡಿ. ಒಳಗೇ ಕಾದು ತಾನಾಗೇ ಹತ್ಕೊಳ್ಳತ್ತೆ. ಹರಡಿ ಒಣಗಿಸಿ, ಇಲ್ಲ ನೀರಲ್ಲಿ ಮುಳುಗಿಸಿಡಿ."

ಶ್ರೀವಿದ್ಯಾ ಕುಂಚ ಅಲ್ಲೇ ಬಿಟ್ಟು ಎದ್ದಳು. ಪೋರೂರಿನ ಮನೆಗೆ ಫೋನ್ ಮಾಡಿದಳು. ಯಾರೂ ಎತ್ತಲಿಲ್ಲ. ಆಟೋ ಹತ್ತಿ ಮತ್ತೆ ಮಾಡಿದಳು. ಬರೀ ರಿಂಗ್. ವಡಪಳನಿ ಸಿಗ್ನಲ್ಲಿನಲ್ಲಿ ಆಟೋ ನಿಂತೇಬಿಟ್ಟಿತು. ಮೂರನೆಯ ಸಲ ಅತ್ತೆ ಎತ್ತಿದರು.

"ಏನೇ, ಒಂದು ಗಳಿಗೆ ಮಲಗೋಕೂ ಬಿಡಲ್ವಾ?"

"ಅತ್ತೆ, ಮೊದಲು ಹೊರಗೆ ಹೋಗಿ! ಆ ಪೇಪರ್ ಮೂಟೇಲಿ..."

"ಉಪ್ಪಿ ಅಂಗಿ ತಾನೇ? ತೋಳು ಇಣುಕ್ತಿತ್ತು, ಎಳೆದೆ. ಒಳಗೆಲ್ಲ ಬಿಸಿ ಕಣೇ, ಸುಟ್ಟ ವಾಸನೆ ಬೇರೆ. ಬಾಲ್ಕನೀಲಿ ಹರಡಿದೀನಿ. ನನಗೆ ಗೊತ್ತಾಗದ ಹಾಗೆ ಎಸೆಯೋಕೆ ಹೊರಟಿದ್ಯಾ, ಕಳ್ಳಿ?"

ಶ್ರೀವಿದ್ಯಾ ಫೋನನ್ನು ಕಿವಿಗೆ ಒತ್ತಿ ಹಿಡಿದು ಮುಂದಕ್ಕೆ ಬಾಗಿದಳು.

"ಎನ್ನಾಚ್ಚುಮ್ಮಾ?" ಏನಾಯಿತೆಂದು ತಮಿಳಿನಲ್ಲಿ ಕೇಳುತ್ತಾ ಆಟೋದವನು ತಿರುಗಿ ನೋಡಿದ.

"ಬಕೆಟ್ ನೀರಲ್ಲಿ ಮುಳುಗಿಸಿಡಿ ಅತ್ತೆ," ಎಂದಳು ಫೋನಿನಲ್ಲಿ. "ನಾನು ಬರೋವರೆಗೂ ಫೋನ್ ಇಡಬೇಡಿ."