ಎಡಗಾಲಿನ ಗಂಟು

ಮಂಜಿನಲ್ಲಿ ಬೇರೇನೂ ಕಾಣುತ್ತಿಲ್ಲ, ಬೂಟಿನ ಹಳದಿ ಲೇಸು ಮಾತ್ರ, ಎಡಗಾಲು ಮುಂದೆ ಬಂದಾಗ ಕಂಡು ಹಿಂದೆ ಹೋದಾಗ ಮರೆಯಾಗುವ ಹಳದಿ, ಹಳದಿ ಎಲ್ಲಿ ಬಂತು, ಈಗ ಕೆಸರಿನ ಬಣ್ಣವೇ, ಅಂಗಡಿಯಲ್ಲಿ ಅಕ್ಕ ಅದನ್ನು ಎತ್ತಿ ಹಿಡಿದಾಗ ಇವಳಿಗೆ ನಗು ತಡೆಯಲಾಗಿರಲಿಲ್ಲ, ಯಾತ್ರೆಗೆ ಹೊರಟಿದ್ದೀಯೋ ಸರ್ಕಸ್ಸಿಗೋ, ನಗು ನಗು, ಮಂಜು ಕವಿದಾಗ ಗೊತ್ತಾಗುತ್ತೆ ಅಂದಿದ್ದಳು ಅಕ್ಕ — ಗೊತ್ತಾಯಿತು ಬಿಡೇ, ನಿನ್ನ ಮಾತೇ ಗೆದ್ದಿತು, ಯಾವತ್ತು ಸೋತಿದೆ ಅದು. ನಮೋ ಮರಿಯೆ, ಕಲ್ಲು, ವರಪ್ರಸಾದ ಪೂರ್ಣೆ, ಇನ್ನೊಂದು ಕಲ್ಲು, ಜಪಸರದ ಮಣಿ ಬೆರಳಿನಲ್ಲಿ ಜಾರುತ್ತದೆ, ಹೊಳೆ ದಾಟುವಾಗ ಹೊರಳಿದ ಎಡಗಾಲು ಬೂಟಿನೊಳಗೆ ಹಿಟ್ಟಿನ ಹಾಗೆ ಉಬ್ಬುತ್ತಿದೆ, ಉಬ್ಬಲಿ, ಉಬ್ಬಿ ಎಲ್ಲಿಗೆ ಹೋಗುತ್ತದೆ, ನನ್ನ ಜೊತೆಗೇ ಬರಬೇಕು. ಮುಂದೆ ಕೊಡೆ ಹಿಡಿದು ಹೋಗುತ್ತಿದ್ದ ಅಜ್ಜ ನಿಂತು ತಿರುಗಿದ, ವಾಪಸ್ ಇಳಿದುಬಿಡಮ್ಮ, ಕೆಳಗಿನ ಛತ್ರದಲ್ಲಿ ಗಾಡಿ ಸಿಗುತ್ತೆ, ಕಾಲಿದ್ರೆ ಮುಂದಿನ ವರ್ಷ ಬರಬಹುದು. ಮುಂದಿನ ವರ್ಷ! ಆ ಮಾತು ಕೇಳಿದರೆ ಮೈ ಉರಿಯುತ್ತದೆ, ಅಕ್ಕನೂ ಅದನ್ನೇ ಹೇಳಿ ಹೇಳಿ ಹೋದಳಲ್ಲ, ಈ ವರ್ಷ ಮಗಳ ಪರೀಕ್ಷೆ, ಬರುವ ವರ್ಷ ಮನೆಯ ಸೂರು, ಅದರಾಚೆ ವರ್ಷ ಗಂಡನ ಸೊಂಟ, ಹರಕೆ ಮಾತ್ರ ಗೋಡೆಗೆ ನೇತುಹಾಕಿದ ಕೋಟಿನಂತೆ ಕಾಯುತ್ತಲೇ ಇತ್ತು. ಇಲ್ಲಜ್ಜ, ನೀವು ನಡೀರಿ, ನಾನು ಬಂದೆ.

ಹರಕೆ ಹೊತ್ತಿದ್ದು ಅಕ್ಕ, ಬದುಕಿದ್ದು ಇವಳು. ಜ್ವರ ತಲೆಗೇರಿ ಇವಳು ಯಾರನ್ನೂ ಗುರುತಿಸದೆ ಬಿದ್ದಿದ್ದಾಗ ಅಕ್ಕ ಮಂಚದ ಕಾಲು ಹಿಡಿದು ಹೇಳಿದ್ದಳಂತೆ, ಬೆಟ್ಟದ ಮಾತೆಯೇ, ಇವಳನ್ನ ಉಳಿಸಿಕೊಡು, ನಿನ್ನ ಹತ್ತಿರ ನಡೆದೇ ಬರ್ತೀನಿ. ಮಾತೆ ತನ್ನ ಮಾತು ಉಳಿಸಿಕೊಂಡಳು, ಇವಳು ಎದ್ದು ಲಾಂಡ್ರಿ ಕೆಲಸಕ್ಕೆ ಹೋದಳು, ಆಸ್ಪತ್ರೆಗಳ ಹೋಟೆಲುಗಳ ಹೊದಿಕೆಯ ಗಂಟು ಬಿಚ್ಚುವ ಕೆಲಸ, ಇಸ್ತ್ರಿ ಆಮೇಲೆ, ಕತ್ತರಿ ಹಾಕಿದೆಯೋ ಜೋಕೆ, ಬಟ್ಟೆ ಸೀಳುತ್ತೆ ಅಂತ ಮೇಸ್ತ್ರಿಯ ಗದರಿಕೆ, ಬೆರಳಿನ ತುದಿಗೇ ಕಣ್ಣು ಬಂದವು. ಕೊನೆಗೂ ಅಕ್ಕ ಬೂಟು ಕೊಂಡಳು, ಕೊಂಡ ತಿಂಗಳೇ ಹಾಸಿಗೆ ಹಿಡಿದಳು. ವಾರ್ಡಿನಲ್ಲಿ ಎದ್ದು ಕೂತು, ತಾ ಇಲ್ಲಿ ಆ ಬೂಟು, ನರ್ಸಮ್ಮ ಬೇಡ ಅಂದರೂ ಕೇಳದೆ ಎರಡನ್ನೂ ಹಾಕಿಕೊಂಡು, ನಾಲಿಗೆಯ ತುದಿ ಹಲ್ಲಿನ ನಡುವೆ ಕಚ್ಚಿ, ಎಳೆದೆಳೆದು ಕಟ್ಟಿದಳು, ಕಟ್ಟಿ ಸುಮ್ಮನೆ ಕಾಲನ್ನು ಹೊರಗೆಳೆದಳು, ಗಂಟು ಬಿಚ್ಚದೆಯೇ ಕಾಲು ಬಂತು, ದೋಣಿಗಾಲು ಅಂತ ಇವಳು ಅಣಕಿಸುತ್ತಿದ್ದ ಕಾಲು ಅಷ್ಟು ಬಡವಾಗಿತ್ತು, ಅಯ್ಯೋ ದೇವರೇ. ಬಿಚ್ಚಬೇಡ ಕಣೇ, ಹೀಗೇ ಇರಲಿ, ಎದ್ದ ಕೂಡಲೇ ತೂರಿಸಿಕೊಂಡು ಹೊರಟುಬಿಡ್ತೀನಿ. ಏಳಲಿಲ್ಲ. ಹೊತ್ತವರು ಹೋದಮೇಲೆ ಹರಕೆ ತೀರಿತಮ್ಮ, ದೇವರು ಬೆನ್ನಟ್ಟಿ ಬರೋದಿಲ್ಲ ಅಂದರು ಫಾದರ್, ದೇವರು ಬರೋದಿಲ್ಲ ಫಾದರ್, ಅಕ್ಕ ಬರ್ತಾಳೆ. ನಿನ್ನ ಅಳತೆಯಲ್ಲ, ಬೇರೆ ಕೊಂಡುಕೋ ಅಂದರು ಭಾವ, ಬೇಡ ಭಾವ, ಕಾಲು ನನ್ನದು ಬೂಟು ಅವಳದು ಅಂದರೆ ನಡಿಗೆ ಇಬ್ಬರದೂ ಆಯಿತಲ್ಲ. ಎರಡೆರಡು ಕಾಲುಚೀಲ ಹಾಕಿಕೊಂಡು, ಗಂಟು ಬಿಚ್ಚದೆ ತೂರಿಸಿ, ಛತ್ರಗಳಲ್ಲಿ ಬಿಚ್ಚದೆ ಕಳಚಿ, ಆದರೂ ಬಲಗಾಲಿನದು ಮೊದಲ ಇಳಿಜಾರಿನಲ್ಲೇ ತಾನಾಗಿ ಸಡಿಲಿ ಹೋಯಿತು, ನಡುದಾರಿಯಲ್ಲಿ ಕೂತು ಗೊಳೋ ಎಂದು ಅತ್ತಳು, ಈಗ ಅಲ್ಲಿರುವುದು ಇವಳದೇ ಗಂಟು. ಅಕ್ಕನ ಕೈಯಿಂದ ಉಳಿದಿರುವುದು ಎಡಗಾಲಿನದು ಒಂದೇ.

ಗಂಟೆಯ ಸದ್ದು, ಎಲ್ಲಿಂದ, ಮೇಲಿಂದ, ಅಗೋ ಶಿಲುಬೆ, ಅಗೋ ಕಲ್ಲಿನ ಪುಟ್ಟ ಚರ್ಚು, ಬಂದೆವು ಕಣೇ ಬಂದೆವು. ಮೆಟ್ಟಿಲ ಮೇಲೆ ಸಾಲಾಗಿ ಬೂಟುಗಳು, ಬರಿಗಾಲಲ್ಲದೆ ಒಳಗೆ ಹೆಜ್ಜೆ ಇಡುವ ಹಾಗಿಲ್ಲ, ಅದು ಗೊತ್ತಿದ್ದದ್ದೇ, ಎಂದಿನ ಹಾಗೆ ಕಳಚಿಟ್ಟರಾಯಿತು ಅಂದುಕೊಂಡಿದ್ದಳು. ಬಲಗಾಲಿನದು ಬಂತು. ಎಡಗಾಲು ಬರಲಿಲ್ಲ. ಎಳೆದಳು, ಹಿಮ್ಮಡಿಯಿಂದ ಒದ್ದಳು, ಊದಿದ ಕಾಲು ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ. ಬಾಗಿಲು ಕಾಯುವ ಹೆಂಗಸು ಬಗ್ಗಿ ನೋಡಿದಳು, ಕತ್ತರಿ ತರ್ಲಾ ಅಕ್ಕ? ಬೇಡ, ಬೇಡ! ಹಾಗಾದ್ರೆ ಬೂಟಲ್ಲೇ ಬನ್ನಿ, ಪರವಾಗಿಲ್ಲ, ನೋವಿದ್ದವರನ್ನ ಮಾತೆ ಏನಂತಾಳೆ. ಏನೂ ಅನ್ನುವುದಿಲ್ಲ, ಅಕ್ಕ ಅನ್ನುತ್ತಾಳೆ, ಇಷ್ಟು ದೂರ ಬಂದು ಹೊಸ್ತಿಲಲ್ಲಿ ಅರ್ಧಂಬರ್ಧವೇ, ಮುಂದಿನ ವರ್ಷ ಮುಂದಿನ ವರ್ಷ ಅಂದ ನನಗಿಂತ ನೀನೇನು ಮೇಲು. ಜಗತ್ತಿನ ಗಂಟೆಲ್ಲ ಬಿಚ್ಚಿದ ಕೈ, ಇದೊಂದನ್ನು ಬಿಚ್ಚಲಾರದೇ. ಮೆಟ್ಟಿಲ ಮೇಲೆ ಕೂತಳು, ಕಾಲನ್ನು ತೊಡೆಯ ಮೇಲೆ ಎಳೆದುಕೊಂಡಳು, ನಾಲಿಗೆಯ ತುದಿ ಹಲ್ಲಿನ ನಡುವೆ, ಉಗುರು ಗಂಟಿನ ಮೇಲೆ, ಎಷ್ಟು ಬಿಗಿ, ಎಲ್ಲಿತ್ತೇ ನಿನಗೆ ಇಷ್ಟು ಶಕ್ತಿ, ಆ ಸೊರಗಿದ ಕೈಯಲ್ಲಿ, ಮಣ್ಣು ಉದುರಿತು, ಒಂದೆಳೆ ಅಲುಗಿತು, ಇನ್ನೊಂದು, ತಡಿ, ತಡಿ, ನಿಧಾನ, ಸುರುಳಿ ಬಾಯಿ ಬಿಟ್ಟಿತು — ಒಳಗೆ, ಮಳೆ ಧೂಳು ಕೆಸರು ಯಾವುದೂ ಮುಟ್ಟದೆ, ಅಕ್ಕನ ಬೆರಳು ಬಿಟ್ಟ ಹಾಗೇ ಇದ್ದ ಅಷ್ಟೇ ಅಷ್ಟು ದಾರ, ಅಂಗಡಿಯಲ್ಲಿ ಕಂಡ ಹಳದಿ, ಹಳದಿ —