ಮಾವ ಮಲಗಿದ್ದಾಗ

ನಮ್ಮ ಯುದ್ಧನೌಕೆಯಲ್ಲಿ ನಾಯಿಯನ್ನು ನಾಯಿ ಎಂದವನಿಗೆ ಊಟ ತಡವಾಗುತ್ತಿತ್ತು. ಅಡುಗೆಯವನು ನಾನೇ ಆದ್ದರಿಂದ ಇದನ್ನು ಖಚಿತವಾಗಿ ಹೇಳಬಲ್ಲೆ. ಎಲ್ಲರಿಗೂ ಅದು ‘ಮಾವ’. ಕಂದು ಬಣ್ಣ, ಸದಾ ಮುನಿದ ಮುಖ. ಬಡಿಸಿದ್ದನ್ನು ಮೂಸಿ, ‘ಇಷ್ಟೇನಾ?’ ಎಂಬಂತೆ ನನ್ನ ಕಡೆ ನೋಡುತ್ತಿತ್ತು. ಹೆಸರಿಟ್ಟವರು ನನ್ನ ಅಕ್ಕನ ಗಂಡ. ಅದೇ ಹಡಗಿನಲ್ಲಿ ತೋಪು ಹಾರಿಸುವವರು.

“ಲೋ ಭಾಮೈದ, ನಮ್ಮಪ್ಪನ ಥರಾನೇ ಗುರ್ ಅಂತಾನಲ್ಲೋ! ಬೇಕಾದ್ರೆ ನಿಮ್ಮಕ್ಕನ್ನ ಕೇಳು, ಮಾವ ಅಂದ್ರೆ ಹಿಂಗೇ ಇರ್ತಾರೆ.”

ಮಾವನಿಗೆ ಕೆಲಸವಿತ್ತು. ಶತ್ರು ವಿಮಾನದ ಸದ್ದು ನಮಗೆ ಕೇಳುವುದಕ್ಕೆ ಒಂದೆರಡು ನಿಮಿಷ ಮುಂಚೆಯೇ ಅದರ ಕಿವಿ ನೆಟ್ಟಗಾಗುತ್ತಿತ್ತು. ಬೊಗಳಿತೋ, ಗಂಟೆ ಬಾರಿಸುವ ಮೊದಲೇ ತೋಪುಗಳು ತಿರುಗುತ್ತಿದ್ದವು. ಹೀಗೆ ನಾಲ್ಕು ಸಲ ಬದುಕಿಕೊಂಡೆವು. ಅಲ್ಲಿಂದ ಒಂದು ರೂಢಿಯೇ ಬೆಳೆಯಿತು. ವಾರಗಟ್ಟಲೆ ಕಣ್ಣು ಮುಚ್ಚದ ತೋಪಿನವರು, ಮಾವ ಮಲಗಿದರೆ ತಾವೂ ತೋಪಿನ ಬುಡದಲ್ಲಿ ಒರಗುತ್ತಿದ್ದರು. ಕ್ಯಾಪ್ಟನ್ ಕಂಡೂ ಕಾಣದಂತಿದ್ದರು. ಆದರೆ ನಾಯಿ ಹಡಗು ಹತ್ತಿದ ದಿನವೇ ಅವರು ಹೇಳಿದ್ದರು: “ಕುಡಿಯೋ ನೀರಿಗೇ ತತ್ವಾರ. ಕೆಲಸಕ್ಕೆ ಬರೋವರೆಗೆ ಇರಲಿ. ಆಮೇಲೂ ಸಾಕೋಕೆ ಇದು ಛತ್ರ ಅಲ್ಲ.” ನಡುಸಮುದ್ರದಲ್ಲಿ ಆ ಮಾತಿಗೆ ಇರುವುದು ಒಂದೇ ಅರ್ಥ: ನೀರಿಗೆ ಎಸೆಯುವುದು.

ಐದನೆಯ ದಾಳಿಯಲ್ಲಿ ದೊಡ್ಡ ತೋಪನ್ನು ಮಾವನ ತಲೆಯ ಪಕ್ಕದಲ್ಲೇ ಹಾರಿಸಿದರು. ಮರುದಿನ ಊಟಕ್ಕೆ ಕರೆದೆ, ಏಳಲಿಲ್ಲ. ಬೆನ್ನ ಹಿಂದೆ ನಿಂತು ಪಾತ್ರೆಗೆ ಸೌಟಿನಿಂದ ಬಡಿದೆ. ಬಾಲ ಕೂಡ ಅಲುಗಲಿಲ್ಲ. ಮುಟ್ಟಿದಾಗ ಬೆಚ್ಚಿಬಿದ್ದು, ನಾನೆಂದು ತಿಳಿದು ಕೈ ನೆಕ್ಕಿತು.

ಕ್ಯಾಪ್ಟನ್ ಮಾತು ನೆನಪಾಯಿತು. ಆಗಲೇ ಹೇಳಬೇಕಿತ್ತು. ಎರಡು ದಿನದಲ್ಲಿ ಸರಿಹೋದೀತು, ನೋಡೋಣ ಎಂದುಕೊಂಡೆ. ಅಲ್ಲಿಯವರೆಗೆ, ಕರೆಯುವ ಮುನ್ನ ಡೆಕ್ಕಿನ ಕಬ್ಬಿಣಕ್ಕೆ ಕಾಲಿನಿಂದ ಬಡಿಯುತ್ತಿದ್ದೆ. ಆ ಅದುರಿಕೆ ಹೊಟ್ಟೆಗೆ ತಾಗಿ ಅದು ಏಳುತ್ತಿತ್ತು.

“ನೋಡ್ರಪ್ಪಾ, ಅಡುಗೆಯೋನು ಕರೆದ್ರೆ ಮಾತ್ರ ಮಾವನೋರು ಏಳೋದು!” ಎಂದು ಭಾವ ನಗುತ್ತಿದ್ದರು. ನಾನೂ ನಗುತ್ತಿದ್ದೆ. ಎರಡು ದಿನ ಹೋಗಿ ಹನ್ನೊಂದಾಯಿತು.

ಹನ್ನೊಂದನೆಯ ದಿನ ಮಧ್ಯಾಹ್ನ, ಮೇಲಿದ್ದ ಕಾವಲಿನವನು ದುರ್ಬೀನಿನಲ್ಲಿ ಸೂರ್ಯನ ಪಕ್ಕ ಒಂದು ಚುಕ್ಕೆ ಕಂಡ. ಗಂಟೆಯ ಹಗ್ಗಕ್ಕೆ ಕೈಹಾಕಿ ಕೆಳಗೆ ನೋಡಿದ. ಅಡುಗೆಮನೆಯ ಬಾಗಿಲಲ್ಲಿ ಮಾವ ನಾಲ್ಕೂ ಕಾಲು ಚಾಚಿ ಗೊರಕೆ ಹೊಡೆಯುತ್ತಿತ್ತು. ಹಕ್ಕಿಯಿರಬೇಕು ಎಂದುಕೊಂಡು ಹಗ್ಗ ಬಿಟ್ಟ.

ಮುಂಭಾಗದಲ್ಲಿ ಬಾಂಬು ಬಿತ್ತು. ತೋಪಿನವರು ಹದಿನಾಲ್ಕು ಜನ ಹೋದರು. ಅವರಲ್ಲಿ ಭಾವನೂ ಒಬ್ಬರು; ಮಲಗಿದಲ್ಲೇ ಇದ್ದರು. ತಲೆಯಡಿ ಮಡಿಸಿಟ್ಟುಕೊಂಡ ಅಂಗಿಯ ಮಡಿಕೆ ಕೂಡ ಕೆಟ್ಟಿರಲಿಲ್ಲ.

ಸಂಜೆ ಹೆಣಗಳನ್ನು ಸಮುದ್ರಕ್ಕೆ ಇಳಿಸಿದ ಮೇಲೆ ಕ್ಯಾಪ್ಟನ್ ಕಾವಲಿನವನನ್ನು ಎದುರಿಗೆ ನಿಲ್ಲಿಸಿಕೊಂಡರು. “ನಿನ್ನ ಕಣ್ಣಿಗೇನು ಮಣ್ಣು ಬಿದ್ದಿತ್ತಾ?”

“ಕಂಡಿತ್ತು ಸಾರ್. ಮಾವ ಮಲಗಿದ್ರು... ಅದಕ್ಕೇ...”

“ಹದಿನಾಲ್ಕು ಹೆಣ ಬಿತ್ತು, ನಾಯಿ ಮೇಲೆ ಹಾಕ್ತೀಯಾ?”

ಅವನಿಗೆ ಬೇಡಿ ಹಾಕಿದರು. ಅವನು ಅಳಲೂ ಇಲ್ಲ, ಸುಮ್ಮನೆ ಕೈ ಚಾಚಿದ. ಆಗ ನಾನು ಬಾಯಿ ಬಿಟ್ಟೆ. “ಅದಕ್ಕೆ ಕಿವಿ ಕೇಳಲ್ಲ ಸಾರ್. ನನಗೆ ಗೊತ್ತಿತ್ತು.”

ಕ್ಯಾಪ್ಟನ್ ನನ್ನ ಕಡೆ ತಿರುಗಿದರು. “ನಿನ್ನನ್ನೂ ಆ ನಾಯೀನೂ ನೀರಿಗೆ ಹಾಕಬೇಕು. ಆದ್ರೆ ಇವತ್ತಿಗೆ ನೀರಿಗೆ ಹಾಕಿದ್ದು ಸಾಕು.” ಬೇಡಿ ಬಿಚ್ಚಲು ಸನ್ನೆ ಮಾಡಿ ಹೇಳಿದರು: “ದಡ ಸೇರಿದ ಮೇಲೆ ನಿನ್ನ ವಿಚಾರಣೆ. ಅದಕ್ಕೂ ಮುಂಚೆ ನಿಮ್ಮಕ್ಕನ ಮುಂದೆ ಹೋಗಿ ನಿಂತು ಬಾ. ನಾಯೀನೂ ಕರ್ಕೊಂಡು ಹೋಗು.”

ಅಕ್ಕನ ಮನೆ ಎರಡನೆಯ ಮಹಡಿ. ಸಾವಿನ ಸುದ್ದಿ ಮೊದಲೇ ತಲುಪಿತ್ತು; ಅತ್ತೂ ಅತ್ತೂ ಅವಳ ಮುಖ ಊದಿತ್ತು. ನಾಯಿಯನ್ನು ಕಂಡವಳೇ ಬಾಗಿಲಲ್ಲೇ ಕುಕ್ಕರಿಸಿದಳು.

“ಇವ್ರೇನಾ ಮಾವನೋರು? ಪ್ರತಿ ಕಾಗದದಲ್ಲೂ ಇವರದೇ ಪುರಾಣ. ‘ಇವರ ಕಿವಿ ಇರೋವರೆಗೆ ನನಗೇನೂ ಆಗಲ್ಲ ಕಣೇ’ ಅಂತ ಬರೀತಿದ್ರು. ಬನ್ನಿ ಮಾವ, ಬನ್ನಿ.”

ನಾಯಿ ತಿರುಗಲಿಲ್ಲ. ಮೂಲೆಯಲ್ಲಿದ್ದ ಭಾವನ ಹಳೆಯ ಬೂಟು ಮೂಸುತ್ತಿತ್ತು.

“ಅಬ್ಬಾ, ಎಷ್ಟು ಬಿಗುಮಾನ!” ಎಂದು ಅದನ್ನು ಮಡಿಲಿಗೆ ಎಳೆದುಕೊಂಡು ತಲೆ ಸವರತೊಡಗಿದಳು.

“ಅಕ್ಕ, ಅದಕ್ಕೆ ಕಿವಿ ಕೇಳಲ್ಲ.”

“ಅಯ್ಯೋ ಪಾಪ. ಆ ಬಾಂಬಿನ ಸದ್ದಿಗಾ?”

ಹೂಂ ಎಂದುಬಿಡಬಹುದಿತ್ತು. ಬೂಟಿಗೆ ಅವಳು ಹೊಸದಾಗಿ ಪಾಲಿಶ್ ಹಾಕಿದ್ದಳು.

“ಅಲ್ಲಕ್ಕ. ಅದಕ್ಕೂ ಹನ್ನೊಂದು ದಿನ ಮುಂಚೆಯಿಂದ. ನನಗೊಬ್ಬನಿಗೇ ಗೊತ್ತಿತ್ತು. ಯಾರಿಗೂ ಹೇಳಲಿಲ್ಲ.”

ಅಕ್ಕನ ಕೈ ನಾಯಿಯ ತಲೆಯ ಮೇಲೆ ನಿಂತಿತು. ನಾಯಿ ಇನ್ನಷ್ಟು ಸವರಲೆಂದು ಅವಳ ಅಂಗೈಗೆ ತಲೆ ಒತ್ತಿತು.